ದಾಖಲೆಗೆ ಬ್ಲಾಕ್‌ಚೈನ್ ಮೊಹರು: ಎಲ್ಲಿ ಗಟ್ಟಿ, ಎಲ್ಲಿ ಸಡಿಲ

ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಕ್ರಯಪತ್ರ, ಪರವಾನಗಿ ಎಲ್ಲವನ್ನೂ ಬ್ಲಾಕ್‌ಚೈನ್‌ಗೆ (ಹಲವು ಕಂಪ್ಯೂಟರ್‌ಗಳು ಒಟ್ಟಿಗೆ ಕಾಯುವ ನಮೂದುಗಳ ಸರಪಳಿಗೆ) ಹಾಕಿಬಿಟ್ಟರೆ ಖೊಟ್ಟಿ ದಾಖಲೆಗಳ ಕಾಟ ತಪ್ಪುತ್ತದೆ ಎಂಬ ಮಾತು ಬಹಳ ಓಡಾಡುತ್ತಿದೆ. ಈ ಮಾತಿನಲ್ಲಿ ಎರಡು ತಪ್ಪಿವೆ. ದಾಖಲೆಯನ್ನು ಯಾರೂ ಬ್ಲಾಕ್‌ಚೈನ್‌ಗೆ ಹಾಕುವುದಿಲ್ಲ, ಹಾಕಲೂಬಾರದು. ಅಲ್ಲಿಗೆ ಹೋಗುವುದು ಹ್ಯಾಶ್, ಅಂದರೆ ಫೈಲಿನಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಒಂದು ಸಂಖ್ಯೆ, ಮಾತ್ರ. ಮತ್ತೆ, ಬ್ಲಾಕ್‌ಚೈನ್ ಸಾಕ್ಷಿ ಹೇಳುವುದು ಒಂದೇ ವಿಷಯಕ್ಕೆ: ಈ ಫೈಲ್ ಇಂಥ ಹೊತ್ತಿಗೆ ಇದೇ ರೂಪದಲ್ಲಿ ಇತ್ತು, ಆಮೇಲೆ ಅದರಲ್ಲಿ ಒಂದು ಚುಕ್ಕೆಯೂ ಬದಲಾಗಿಲ್ಲ. ಅದರಲ್ಲಿ ಬರೆದದ್ದು ನಿಜವೇ, ಕೊಟ್ಟವರಿಗೆ ಕೊಡುವ ಅಧಿಕಾರ ಇತ್ತೇ, ಇವತ್ತಿಗೂ ಅದು ಊರ್ಜಿತದಲ್ಲಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬೇರೆ ಕಡೆಯಿಂದ ಬರಬೇಕು. ಇಂಥ ವ್ಯವಸ್ಥೆ ಕಟ್ಟುವವರು ಸೋಲುವುದು ಬಹುಪಾಲು ಈ ಮೂರರಲ್ಲೇ. ಸರಪಳಿ ಮುರಿದು ಯಾವ ಯೋಜನೆಯೂ ಬಿದ್ದದ್ದಿಲ್ಲ ಎನ್ನಬಹುದು. ಬೀಳುವುದು ಸರಪಳಿಯ ಎರಡು ತುದಿಗಳಲ್ಲಿ.

ಯೋಚನೆ ಹೊಸದೇನಲ್ಲ. ಡಿಜಿಟಲ್ ದಾಖಲೆಗೆ ಹಿಂದಿನ ತಾರೀಖು ಹಾಕಲು ಆಗದಂತೆ ಹ್ಯಾಶ್‌ಗಳನ್ನು ಒಂದಕ್ಕೊಂದು ಕೊಂಡಿ ಹಾಕುವ ವಿಧಾನವನ್ನು ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟ್ಟಾ 1991ರಲ್ಲೇ ಪ್ರಕಟಿಸಿದರು. ಅವರ ವಿಧಾನವನ್ನು ಬಳಕೆಗೆ ತಂದ ಶ್ಯೂರಿಟಿ ಎಂಬ ಕಂಪನಿ 1995ರಿಂದ ವಾರಕ್ಕೊಮ್ಮೆ ಒಟ್ಟು ಹ್ಯಾಶ್ ಒಂದನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಣ್ಣ ಜಾಹೀರಾತಾಗಿ ಅಚ್ಚು ಮಾಡಿಸುತ್ತಿತ್ತು. ಹಳೆಯ ದಾಖಲೆಯನ್ನು ತಿದ್ದಬೇಕೆಂದರೆ ಗ್ರಂಥಾಲಯಗಳಲ್ಲಿ ಕುಳಿತಿರುವ ಆ ವಾರದ ಪತ್ರಿಕೆಗಳನ್ನೆಲ್ಲ ತಿದ್ದಬೇಕು. ಬಿಟ್‌ಕಾಯಿನ್‌ನ 2008ರ ಪ್ರಬಂಧದ ಕೊನೆಯಲ್ಲಿರುವ 8 ಆಕರಗಳಲ್ಲಿ 3 ಹೇಬರ್, ಸ್ಟಾರ್ನೆಟ್ಟಾ ಅವರವೇ. ಎಸ್ಟೋನಿಯ ದೇಶ 2012ರಿಂದ ತನ್ನ ಸರ್ಕಾರಿ ದಾಖಲಾತಿಗಳ ಕಾವಲಿಗೆ ಬಳಸುತ್ತಿರುವ ಕೆಎಸ್‌ಐ ವ್ಯವಸ್ಥೆಯೂ ಈ ವಂಶದ್ದೇ: ಹಲವು ಹ್ಯಾಶ್‌ಗಳನ್ನು ಒಂದಕ್ಕೆ ಇಳಿಸುವ ಹ್ಯಾಶ್ ಮರ ಸೆಕೆಂಡಿಗೊಂದು, ಅದರ ಸಾರ ಆಗಾಗ ಅಚ್ಚಿನ ಪತ್ರಿಕೆಯಲ್ಲಿ. ಅಲ್ಲಿ ಬಿಟ್‌ಕಾಯಿನ್‌ನಂತೆ ನಾಣ್ಯವೂ ಇಲ್ಲ, ನಾಣ್ಯ ಗಳಿಸಲು ಲೆಕ್ಕ ಬಿಡಿಸುವ ಗಣಿಗಾರಿಕೆಯೂ ಇಲ್ಲ. ಬೇಕಾಗಿರುವುದು ಇಷ್ಟೇ: ಯಾರೊಬ್ಬರ ಕೈಯಲ್ಲೂ ಹಿಂದಕ್ಕೆ ಹೋಗಿ ತಿದ್ದಲಾಗದ ಒಂದು ಬಹಿರಂಗ ಜಾಗ. ಬ್ಲಾಕ್‌ಚೈನ್ ಅಂಥ ಒಂದು ಜಾಗ.

ಮೊದಲು ಎಡವುವುದು: ಯಾವುದಕ್ಕೆ ಹ್ಯಾಶ್?

ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು. ಎಸ್‌ಎಚ್‌ಎ-256, ಬಾಯಿಮಾತಿನಲ್ಲಿ ಶಾ-256, ಯಾವ ಗಾತ್ರದ ಫೈಲ್ ಕೊಟ್ಟರೂ 32 ಬೈಟ್‌ಗಳ ಒಂದು ಸಂಖ್ಯೆ ಕೊಡುತ್ತದೆ. ಪರದೆಯ ಮೇಲೆ ಅದು 64 ಅಕ್ಷರ, ಅಂಕಿಗಳ ಸಾಲಾಗಿ ಕಾಣುತ್ತದೆ. ಒಂದು ಬಿಟ್ ಬದಲಾದರೆ ಇಡೀ ಸಾಲೇ ಬೇರೆ. ಅದರ ಶಕ್ತಿ ಇರುವುದು ಇದರಲ್ಲೇ, ಕಾಟ ಶುರುವಾಗುವುದೂ ಇದರಿಂದಲೇ. ಪಿಡಿಎಫ್ ಅನ್ನು ತೆರೆದು ಬರೀ ‘ಸೇವ್’ ಒತ್ತಿದರೂ ಒಳಗಿನ ತಾರೀಖು ಬದಲಾಗಿ ಹ್ಯಾಶ್ ತಪ್ಪಬಹುದು. ಮೆಸೇಜ್ ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ. ಮುದ್ರಿಸಿ ಮತ್ತೆ ಸ್ಕ್ಯಾನ್ ಮಾಡಿದ್ದಂತೂ ಪೂರ್ತಿ ಬೇರೆಯೇ ಫೈಲ್. ಅದಕ್ಕೇ ಪಿಡಿಎಫ್‌ನ ಹ್ಯಾಶ್ ತೆಗೆಯುವ ಬದಲು ಅದರೊಳಗಿನ ಮಾಹಿತಿಯ ಹ್ಯಾಶ್ ತೆಗೆಯುವುದು ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ: ಹೆಸರು, ನೋಂದಣಿ ಸಂಖ್ಯೆ, ತಾರೀಖು, ಅಂಕ ಇವನ್ನು ಜೇಸನ್ ಎಂಬ ಪಠ್ಯ ರೂಪದಲ್ಲಿ ಜೋಡಿಸಿ ಅದಕ್ಕೆ ಹ್ಯಾಶ್. ಪಿಡಿಎಫ್ ಆಗ ನೋಡಲಿಕ್ಕೆ ಮಾತ್ರ.

ಆದರೆ ಜೇಸನ್‌ನಲ್ಲೂ ಒಂದೇ ಮಾಹಿತಿಯನ್ನು ಹತ್ತು ರೀತಿ ಬರೆಯಬಹುದು. ಕೀಗಳ (ಅಂಕಣಗಳ ಹೆಸರುಗಳ) ಕ್ರಮ ಹಿಂದುಮುಂದಾದರೆ, ನಡುವೆ ಒಂದು ಖಾಲಿ ಜಾಗ ಸೇರಿದರೆ, 78.50 ಎಂಬುದು 78.5 ಆದರೆ ಹ್ಯಾಶ್ ಬೇರೆ. ಇದಕ್ಕೆಂದೇ 2020ರಲ್ಲಿ ಆರ್‌ಎಫ್‌ಸಿ 8785 ಎಂಬ ಅಂತರಜಾಲ ಕಟ್ಟಳೆ ಬಂತು. ಕೀಗಳನ್ನು ಹೇಗೆ ಜೋಡಿಸಬೇಕು, ಸಂಖ್ಯೆಗಳನ್ನು ಹೇಗೆ ಬರೆಯಬೇಕು ಎಂದು ಅದು ಕಟ್ಟುಮಾಡುತ್ತದೆ. ಅದನ್ನೇ ಬಳಸಿ, ಸ್ವಂತ ವಿಧಾನ ಹೊಸೆಯಬೇಡಿ. ಅಂಕ, ಮೊತ್ತ, ಅಳತೆಗಳನ್ನು ಸಂಖ್ಯೆಯಾಗಿ ಇಡುವ ಬದಲು ಪಠ್ಯವಾಗಿ ಇಡಿ. ದಶಾಂಶದ ತಕರಾರು ಆಗ ಬುಡದಲ್ಲೇ ಹೋಗುತ್ತದೆ.

ಆ ಕಟ್ಟಳೆ ಮುಟ್ಟದ ಒಂದು ವಿಷಯವಿದೆ. ಕನ್ನಡದಲ್ಲಿ ದಾಖಲೆ ಮಾಡುವವರು ಇಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಇರಬೇಕು. ‘ಗೋಪಾಲ’ ಎಂಬ ಹೆಸರು ತೆಗೆದುಕೊಳ್ಳಿ. ಮೊದಲಿನ ‘ಗೋ’ವನ್ನು ಯೂನಿಕೋಡ್‌ನಲ್ಲಿ ಗ ಮತ್ತು ಓಕಾರದ ಚಿಹ್ನೆ ಎಂಬ ಎರಡು ಸಂಕೇತಗಳಲ್ಲಿ ಬರೆಯಬಹುದು. ಗ, ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂಬ ನಾಲ್ಕು ಸಂಕೇತಗಳಲ್ಲೂ ಬರೆಯಬಹುದು. ಈ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಅಂದರೆ ಮೊದಲನೆಯದು 6 ಬೈಟ್, ಎರಡನೆಯದು 12. ಪರದೆಯ ಮೇಲೆ ಎರಡೂ ಒಂದೇ ‘ಗೋ’. ಹ್ಯಾಶ್ ತೆಗೆಯುವ ಮೊದಲು ಎನ್‌ಎಫ್‌ಸಿ ಎಂಬ ಯೂನಿಕೋಡ್ ಸಾಮಾನ್ಯೀಕರಣ ಮಾಡಿದರೆ ಎರಡೂ 6 ಬೈಟ್‌ಗೆ ಬಂದು ನಿಲ್ಲುತ್ತವೆ. ಅಷ್ಟಕ್ಕೇ ಮುಗಿಯುವುದಿಲ್ಲ. ‘ಕುಮಾರ್’ ಎಂದು ಬರೆದ ಮೇಲೆ ಕೊನೆಯಲ್ಲಿ ಕಣ್ಣಿಗೆ ಕಾಣದ, ಅಕ್ಷರಗಳನ್ನು ಬಿಡಿಸುವ ಸಂಕೇತ ಒಂದು ಉಳಿದುಕೊಂಡಿರುವುದು ತೀರ ಸಾಮಾನ್ಯ. ಕೆಲವು ಕೀಲಿಮಣೆಗಳು ಅದನ್ನು ತಾವೇ ಸೇರಿಸುತ್ತವೆ, ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡ್‌ಗೆ ತಿರುಗಿಸುವ ತಂತ್ರಾಂಶಗಳೂ ಸೇರಿಸುತ್ತವೆ. ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ. ಹಾಗೆಂದು ಎಲ್ಲ ಕಡೆ ಕಿತ್ತುಹಾಕುವಂತೆಯೂ ಇಲ್ಲ, ‘ರಾಜ್‌ಕುಮಾರ್’ ನಡುವಿನ ಆ ಸಂಕೇತ ಹೋದರೆ ಜ ಕೆಳಗೆ ಕ ಒತ್ತಕ್ಷರವಾಗಿ ಹೆಸರಿನ ರೂಪವೇ ಕೆಡುತ್ತದೆ. ಪದದ ಕೊನೆಯಲ್ಲಿದ್ದರೆ ತೆಗೆ, ನಡುವೆ ಇದ್ದರೆ ಬಿಡು ಎಂಬ ನಿಯಮ ಬರೆದಿಡಿ. ಕನ್ನಡ ಅಂಕಿ ೨೦೧೯, ಇಂಗ್ಲಿಷ್ ಅಂಕಿ 2019 ಇವುಗಳಲ್ಲಿ ಯಾವುದು ಎಂದೂ ಒಮ್ಮೆಗೇ ತೀರ್ಮಾನಿಸಿ. ಈ ನಿಯಮಗಳಿಗೊಂದು ಆವೃತ್ತಿ ಸಂಖ್ಯೆ ಕೊಟ್ಟು, ಆ ಸಂಖ್ಯೆಯನ್ನು ದಾಖಲೆಯೊಳಗೇ ಸೇರಿಸಿ. ಐದು ವರ್ಷದ ಮೇಲೆ ನಿಯಮ ಬದಲಾದಾಗ ಹಳೆಯ ದಾಖಲೆಯನ್ನು ಹಳೆಯ ನಿಯಮದಲ್ಲೇ ತಾಳೆ ನೋಡಬೇಕಾಗುತ್ತದೆ.

ಎಕ್ಸೆಲ್‌ನಿಂದ ಮಾಹಿತಿ ಎತ್ತುವವರಿಗೆ ಒಂದು ಮಾತು. ನೋಂದಣಿ ಸಂಖ್ಯೆಯ ಮುಂದಿನ ಸೊನ್ನೆಗಳನ್ನು ಅದು ನುಂಗುತ್ತದೆ, ದಿನ ಮತ್ತು ತಿಂಗಳನ್ನು ಅದಲು ಬದಲು ಮಾಡುತ್ತದೆ. ಒಮ್ಮೆ ಹ್ಯಾಶ್ ಹೋಗಿ ಕೂತ ಮೇಲೆ ಅಂಥ ತಪ್ಪನ್ನು ತಿದ್ದುವುದಿಲ್ಲ, ದಾಖಲೆಯನ್ನೇ ರದ್ದು ಮಾಡಿ ಹೊಸದು ಕೊಡಬೇಕು. ಸಾವಿರಾರು ದಾಖಲೆಗಳ ಕಂತು ಹೊರಡುವ ಮೊದಲು ಮೂಲ ರಿಜಿಸ್ಟರ್ ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಇಬ್ಬರು ಓದಿ ನೋಡುವುದಕ್ಕೆ ಬದಲಿ ಏನೂ ಇಲ್ಲ.

ಸಾಲ್ಟ್ ಇಲ್ಲದ ಹ್ಯಾಶ್ ಗುಟ್ಟು ಕಾಯುವುದಿಲ್ಲ

ಹ್ಯಾಶ್‌ನಿಂದ ಹಿಂದಕ್ಕೆ ಹೋಗಿ ದಾಖಲೆ ತೆಗೆಯಲಾಗದು ಎನ್ನುವುದು ನಿಜ. ಊಹಿಸಿ ನೋಡಲಂತೂ ಆಗುತ್ತದೆ. ನೂರು ವರ್ಷಗಳ ಹುಟ್ಟಿದ ತಾರೀಖುಗಳೆಲ್ಲ ಸೇರಿದರೂ 36,525. 600 ಅಂಕಗಳ ಪರೀಕ್ಷೆಯಲ್ಲಿ ಸಾಧ್ಯವಿರುವ ಮೊತ್ತಗಳು 601. ಎರಡನ್ನೂ ಗುಣಿಸಿದರೆ ಎರಡು ಕೋಟಿ ಚಿಲ್ಲರೆ. ಹೆಸರು, ನೋಂದಣಿ ಸಂಖ್ಯೆ ಗೊತ್ತಿರುವವರು ಇಷ್ಟನ್ನೂ ಮಾಮೂಲಿ ಕಂಪ್ಯೂಟರಿನಲ್ಲಿ ಒಂದು ನಿಮಿಷದೊಳಗೆ ಹಾಕಿ ನೋಡಬಹುದು. ಬಹಿರಂಗ ಸರಪಳಿಯ ಮೇಲೆ ಬರೀ ಹ್ಯಾಶ್ ಇದ್ದರೆ ಒಬ್ಬರ ಅಂಕಗಳನ್ನು ಊರಿಗೆಲ್ಲ ಹಂಚಿದ ಹಾಗೆಯೇ.

ಪರಿಹಾರ ಸರಳ: ಪ್ರತಿ ದಾಖಲೆಗೂ ಬೇರೆ ಬೇರೆ, ಕನಿಷ್ಠ 16 ಬೈಟ್‌ಗಳ ಯಾದೃಚ್ಛಿಕ ಸಾಲ್ಟ್ (ಯಾರೂ ಊಹಿಸಲಾಗದ ಒಂದು ಸಂಖ್ಯೆ) ಸೇರಿಸಿ ಹ್ಯಾಶ್ ಮಾಡಿ. ಎಲ್ಲರಿಗೂ ಒಂದೇ ಸಾಲ್ಟ್ ಇಟ್ಟರೆ ಒಬ್ಬರ ಪ್ರತಿಯಿಂದ ಎಲ್ಲರ ಗುಟ್ಟು ಬಯಲಾಗುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪ್ರತಿ ಅಂಕಣಕ್ಕೂ ಬೇರೆ ಸಾಲ್ಟ್ ಕೊಡಬಹುದು. ಸಿಂಗಾಪುರದಲ್ಲಿ ಶಿಕ್ಷಣ ಪ್ರಮಾಣಪತ್ರಗಳಿಗೆ ಬಳಸಿದ ಓಪನ್‌ಅಟೆಸ್ಟೇಶನ್ ಹೀಗೆ ಮಾಡುತ್ತದೆ. ಲಾಭ ಏನೆಂದರೆ, ದಾಖಲೆ ಇರುವವರು ಹುಟ್ಟಿದ ತಾರೀಖನ್ನು ಮುಚ್ಚಿ, ಅದರ ಹ್ಯಾಶ್ ಮಾತ್ರ ಉಳಿಸಿ, ಬಾಕಿಯದನ್ನು ತೋರಿಸಬಹುದು. ಒಟ್ಟು ಹ್ಯಾಶ್ ಆಗಲೂ ತಾಳೆಯಾಗುತ್ತದೆ. ಕೆಲಸ ಕೊಡುವವರಿಗೆ ಪದವಿ ಇದೆಯೇ ಎಂಬುದಷ್ಟೇ ಬೇಕಾಗಿರುವಾಗ ಇಡೀ ಜಾತಕ ಕೊಡಬೇಕಾಗಿಲ್ಲ.

ಸಾಲ್ಟ್‌ಗೆ ಇನ್ನೊಂದು ಉಪಯೋಗವಿದೆ. ಯುರೋಪಿನ ಮಾಹಿತಿ ಸಂರಕ್ಷಣಾ ಕಾನೂನು ಜಿಡಿಪಿಆರ್ 2018ರ ಮೇ 25ರಿಂದ ಜಾರಿಯಲ್ಲಿದೆ, ಅದರ 17ನೇ ವಿಧಿ ತನ್ನ ಮಾಹಿತಿಯನ್ನು ಅಳಿಸಿ ಎಂದು ಕೇಳುವ ಹಕ್ಕು ಕೊಡುತ್ತದೆ. ಬ್ಲಾಕ್‌ಚೈನ್‌ನಲ್ಲಿ ಅಳಿಸುವುದು ಎಂಬುದೇ ಇಲ್ಲ. ಮೂಲ ದಾಖಲೆ, ಸಾಲ್ಟ್ ಎರಡನ್ನೂ ಎಲ್ಲ ಪ್ರತಿಗಳಿಂದ ಅಳಿಸಿದರೆ ಸರಪಳಿಯ ಮೇಲೆ ಉಳಿಯುವುದು ಯಾರಿಗೂ ಸಂಬಂಧ ಕಲ್ಪಿಸಲಾಗದ 32 ಬೈಟ್. ಕಾನೂನಿನ ದೃಷ್ಟಿಯಲ್ಲಿ ಅಷ್ಟು ಸಾಕೇ ಎಂಬುದನ್ನು ಆಯಾ ದೇಶದ ವಕೀಲರೊಂದಿಗೆ ಕುಳಿತು ನೋಡಬೇಕು, ಆದರೆ ಸಾಲ್ಟ್ ಇಲ್ಲದಿದ್ದರೆ ಆ ಮಾತೇ ಎತ್ತುವಂತಿಲ್ಲ. ಕೈತಪ್ಪಿ ಸಾಲ್ಟ್ ಕಳೆದುಹೋದರೂ ಪರಿಣಾಮ ಇದೇ, ದಾಖಲೆಯನ್ನು ಸಾಬೀತು ಮಾಡುವ ದಾರಿ ಮುಚ್ಚುತ್ತದೆ. ಆದ್ದರಿಂದ ಸಾಲ್ಟ್ ಕೊಟ್ಟವರ ಸರ್ವರ್‌ನಲ್ಲಿ ಮಾತ್ರ ಇರಬಾರದು, ದಾಖಲೆಯ ಜೊತೆಗೇ ಪಡೆದವರ ಕೈಗೆ ಹೋಗಬೇಕು.

ಮರ ಕಟ್ಟುವುದು

50,000 ಪ್ರಮಾಣಪತ್ರಗಳಿಗೆ 50,000 ಟ್ರಾನ್ಸಾಕ್ಷನ್ (ಶುಲ್ಕ ಕೊಟ್ಟು ಸರಪಳಿಗೆ ಕಳಿಸುವ ನಮೂದು) ಮಾಡುವುದಿಲ್ಲ. ಎರಡೆರಡು ಹ್ಯಾಶ್‌ಗಳನ್ನು ಜೋಡಿಸಿ ಮತ್ತೆ ಹ್ಯಾಶ್ ಮಾಡುತ್ತ ಮೇಲೇರಿದರೆ 16 ಮೆಟ್ಟಿಲುಗಳಲ್ಲಿ ಒಂದೇ ಹ್ಯಾಶ್ ಉಳಿಯುತ್ತದೆ. ಇದು ಮರ್ಕಲ್ ಮರ, ಆ ಕೊನೆಯ ಹ್ಯಾಶ್ ಅದರ ಬೇರು. ಸರಪಳಿಗೆ ಹೋಗುವುದು ಆ ಬೇರಿನ 32 ಬೈಟ್ ಮಾತ್ರ. ಶುಲ್ಕವೂ ಒಂದೇ ಟ್ರಾನ್ಸಾಕ್ಷನ್‌ನದು. ಪ್ರತಿಯೊಬ್ಬರಿಗೂ ತಮ್ಮ ಎಲೆಯಿಂದ, ಅಂದರೆ ತಮ್ಮ ದಾಖಲೆಯ ಹ್ಯಾಶ್‌ನಿಂದ, ಬೇರಿನವರೆಗಿನ ದಾರಿಯಲ್ಲಿ ಪಕ್ಕಕ್ಕೆ ಸಿಗುವ 16 ಹ್ಯಾಶ್‌ಗಳನ್ನು ಕೊಟ್ಟರೆ ಸಾಕು, 512 ಬೈಟ್. ಬೇರೆಯವರ ದಾಖಲೆಯ ಸುಳಿವು ಅದರಲ್ಲಿ ಸಿಗುವುದಿಲ್ಲ.

ಇಲ್ಲಿ ಪದೇ ಪದೇ ಆಗುವ ತಪ್ಪುಗಳು ಮೂರು. ಜೋಡಿಸುವಾಗ 32 ಬೈಟ್‌ಗಳನ್ನು ಹಾಗೇ ಜೋಡಿಸುವ ಬದಲು 64 ಅಕ್ಷರಗಳ ಪಠ್ಯವನ್ನು ಜೋಡಿಸುವುದು ಮೊದಲನೆಯದು. ಕೊಡುವವರ ತಂತ್ರಾಂಶ ಒಂದು ರೀತಿ, ನೋಡುವವರದು ಇನ್ನೊಂದು ರೀತಿ ಮಾಡಿದರೆ ಯಾವುದೂ ಹೊಂದುವುದಿಲ್ಲ. ಪಕ್ಕದ ಹ್ಯಾಶ್ ಎಡಕ್ಕೋ ಬಲಕ್ಕೋ ಎಂದು ಬರೆದಿಡದೆ ಹೋಗುವುದು ಎರಡನೆಯದು. ಪ್ರತಿ ಜೋಡಿಯಲ್ಲೂ ಚಿಕ್ಕದನ್ನು ಮೊದಲಿಡುವ ಪದ್ಧತಿಯಿಂದಲೂ ಇದನ್ನು ತಪ್ಪಿಸಬಹುದು. ಮೂರನೆಯದು ಸೂಕ್ಷ್ಮ: ಎಲೆಗೂ ನಡುವಿನ ಗಂಟಿಗೂ (ಜೋಡಿಯ ಹ್ಯಾಶ್‌ಗೂ) ಒಂದೇ ರೀತಿ ಹ್ಯಾಶ್ ಮಾಡಿದರೆ ನಡುವಿನ ಗಂಟನ್ನೇ ಎಲೆ ಎಂದು ತೋರಿಸಿ ವಂಚಿಸಲು ಜಾಗ ಸಿಗುತ್ತದೆ. ಆರ್‌ಎಫ್‌ಸಿ 6962 ಇದಕ್ಕಾಗಿ ಎಲೆಯ ಮುಂದೆ 0, ಗಂಟಿನ ಮುಂದೆ 1 ಎಂಬ ಒಂದು ಬೈಟ್ ಸೇರಿಸುತ್ತದೆ. ಎಲೆಗಳು ಬೆಸವಾದಾಗ ಕೊನೆಯದನ್ನು ಎರಡು ಸಲ ಬರೆದು ಸರಿದೂಗಿಸುವ ಅಭ್ಯಾಸವನ್ನೂ ಬಿಡಬೇಕು. ಬಿಟ್‌ಕಾಯಿನ್ ಮರ ಹಾಗೆ ಮಾಡುತ್ತದೆ, ಅದರಿಂದಲೇ 2012ರಲ್ಲಿ ಅಲ್ಲಿ ಒಂದು ಭದ್ರತಾ ದೋಷ ಹೊರಬಿತ್ತು.

ಲಂಗರು ಹಾಕುವುದು

ಬಿಟ್‌ಕಾಯಿನ್‌ನಲ್ಲಾದರೆ ಬೇರನ್ನು ಓಪಿ-ರಿಟರ್ನ್ ಎಂಬ ಜಾಗದಲ್ಲಿ ಬರೆಯುತ್ತಾರೆ. ಹೀಗೆ ಸರಪಳಿಯಲ್ಲಿ ಬರೆಯುವುದೇ ಲಂಗರು. ಬಹುಕಾಲ ಅಲ್ಲಿದ್ದ 80 ಬೈಟ್‌ಗಳ ಮಿತಿಯಲ್ಲೂ 32 ಬೈಟ್ ಆರಾಮವಾಗಿ ಹಿಡಿಸುತ್ತಿತ್ತು. ಸರಾಸರಿ 10 ನಿಮಿಷಕ್ಕೊಂದು ಬ್ಲಾಕ್ (ನಮೂದುಗಳ ಕಟ್ಟು), ರೂಢಿಯಂತೆ 6 ದೃಢೀಕರಣ (6 ಬ್ಲಾಕ್) ಕಾಯಬೇಕು, ಅಂದರೆ ಸುಮಾರು ಒಂದು ಗಂಟೆ. ಈಥೀರಿಯಮ್‌ನಲ್ಲಿ (ಇನ್ನೊಂದು ಬಹಿರಂಗ ಬ್ಲಾಕ್‌ಚೈನ್) 12 ಸೆಕೆಂಡಿಗೊಂದು ಬ್ಲಾಕ್, ಅಂತಿಮವಾಗಲು ಸುಮಾರು 13 ನಿಮಿಷ. ಕಾಯದೆ ದಾಖಲೆ ಹಂಚಿದರೆ ಏನಾಗುತ್ತದೆ? ಶುಲ್ಕ ಕಡಿಮೆ ಇಟ್ಟ ಟ್ರಾನ್ಸಾಕ್ಷನ್ ಸಾಲಿನಲ್ಲಿ ಕೊಳೆಯುತ್ತ ಕೂರುತ್ತದೆ. ಬಿಟ್‌ಕಾಯಿನ್‌ನ ಮುಖ್ಯ ತಂತ್ರಾಂಶ ಅಂಥದ್ದನ್ನು 14 ದಿನ ಆದ ಮೇಲೆ ಕೈಬಿಡುತ್ತದೆ. ಶುಲ್ಕ ಏರಿಸಿ ಮತ್ತೆ ಕಳಿಸಿದರೆ ಟ್ರಾನ್ಸಾಕ್ಷನ್‌ನ ಗುರುತು ಸಂಖ್ಯೆಯೇ ಬದಲಾಗುತ್ತದೆ, ಈಗಾಗಲೇ ಹಂಚಿದ ಪ್ರಮಾಣಪತ್ರಗಳು ಎಂದೂ ಹುಟ್ಟದ ಟ್ರಾನ್ಸಾಕ್ಷನ್ ಕಡೆ ಬೆರಳು ತೋರಿಸುತ್ತವೆ. ಕ್ರಮ ಹೀಗಿರಲಿ: ಮೊದಲು ಲಂಗರು, ಆಮೇಲೆ ದೃಢೀಕರಣ, ಆಮೇಲೆ ದಾಖಲೆ, ಸಾಲ್ಟ್, ಪುರಾವೆ ಸೇರಿಸಿ ಪೊಟ್ಟಣ ಕಟ್ಟುವುದು, ಕೊನೆಗೆ ಹಂಚುವುದು.

ಪ್ರಾಯೋಗಿಕ ಹಂತದ ದಾಖಲೆಗಳನ್ನು ಪರೀಕ್ಷಾ ಜಾಲದಲ್ಲಿಟ್ಟು, ಅವನ್ನೇ ಜನರಿಗೆ ಕೊಟ್ಟುಬಿಡುವುದು ಇನ್ನೊಂದು ಅಪಾಯ. ರಾಪ್ಸ್ಟನ್, ರಿಂಕಬಿ, ಗೋರ್ಲಿ ಎಂಬ ಈಥೀರಿಯಮ್ ಪರೀಕ್ಷಾ ಜಾಲಗಳೆಲ್ಲ ಮುಚ್ಚಿಹೋಗಿವೆ. ಈಥೀರಿಯಮ್‌ನಲ್ಲಿ 2024ರಿಂದ ಬಂದಿರುವ ‘ಬ್ಲಾಬ್’ ಜಾಗ ಅಗ್ಗ, ಆದರೆ ಅಲ್ಲಿ ಬರೆದದ್ದನ್ನು ಜಾಲ ಉಳಿಸಿಕೊಳ್ಳುವುದು ಸುಮಾರು 18 ದಿನ. ಮೂವತ್ತು ವರ್ಷ ನಿಲ್ಲಬೇಕಾದ ಪುರಾವೆಗೆ ಅದು ಜಾಗವಲ್ಲ. ಓಪನ್‌ಟೈಮ್‌ಸ್ಟ್ಯಾಂಪ್ಸ್ ಎಂಬ ಸಮಯ ಮುದ್ರೆ ಸೇವೆ ಬಳಸುವವರೂ ಒಂದು ನೆನಪಿಡಬೇಕು: ಮೊದಲು ಸಿಗುವ ಪುರಾವೆ ಫೈಲ್ ಅಪೂರ್ಣ, ಅದು ಮಧ್ಯದ ಸರ್ವರ್ ಒಂದರ ಭರವಸೆ ಮಾತ್ರ. ಕೆಲವು ಗಂಟೆ ಬಿಟ್ಟು ‘ಅಪ್‌ಗ್ರೇಡ್’ ಮಾಡಿದಾಗ ಬಿಟ್‌ಕಾಯಿನ್‌ವರೆಗಿನ ಪೂರ್ತಿ ದಾರಿ ಅದರೊಳಗೆ ಬರುತ್ತದೆ. ಮಾಡದೇ ಬಿಟ್ಟರೆ, ಆ ಸರ್ವರ್ ನಿಂತ ದಿನ ಪುರಾವೆಯೂ ನಿಲ್ಲುತ್ತದೆ.

ಸಮಯದ ವಿಚಾರದಲ್ಲಿ ಅತಿನಂಬಿಕೆ ಬೇಡ. ಬಿಟ್‌ಕಾಯಿನ್ ಬ್ಲಾಕಿನ ಸಮಯ ಹಿಂದಿನ 11 ಬ್ಲಾಕ್‌ಗಳ ಮಧ್ಯದ ಸಮಯಕ್ಕಿಂತ ಮುಂದಿರಬೇಕು, ಪರಿಶೀಲಿಸುವ ಕಂಪ್ಯೂಟರಿನ ಗಡಿಯಾರಕ್ಕಿಂತ 2 ಗಂಟೆಗೂ ಹೆಚ್ಚು ಮುಂದಿರಬಾರದು. ಇಷ್ಟು ಸಡಿಲ ಇದೆ. ಇಂಥ ದಿನ ಎಂದು ಹೇಳಲು ಧಾರಾಳವಾಗಿ ಸಾಕು. ಟೆಂಡರ್ ಪೆಟ್ಟಿಗೆ 5 ಗಂಟೆಗೆ ಮುಚ್ಚಿದಾಗ 4.58ಕ್ಕೆ ಬಂತೋ 5.02ಕ್ಕೆ ಬಂತೋ ಎಂಬ ಜಗಳಕ್ಕೆ ಸಾಲದು. ಅದಕ್ಕೆ ಆರ್‌ಎಫ್‌ಸಿ 3161ರ ಸಮಯ ಮುದ್ರೆ ಕೊಡುವ ನಂಬಿಕಸ್ಥ ಸೇವೆಯೇ ಸರಿ. ಎರಡನ್ನೂ ಒಟ್ಟಿಗೆ ಬಳಸಲು ಅಡ್ಡಿಯಿಲ್ಲ.

ಕೊಟ್ಟವರು ಯಾರು?

ಇಡೀ ವ್ಯವಸ್ಥೆಯ ಅತಿ ದುರ್ಬಲ ಜಾಗ ಇದು. ಸರಪಳಿಯ ಮೇಲೆ ಯಾರು ಬೇಕಾದರೂ ಹ್ಯಾಶ್ ಬರೆಯಬಹುದು. ಖೊಟ್ಟಿ ಪದವಿ ಮಾರುವವರೂ ಬರೆಯಬಹುದು, ಅವರ ಪ್ರಮಾಣಪತ್ರಕ್ಕೂ ಹಸಿರು ಗುರುತು ಬೀಳುತ್ತದೆ. ಮ್ಯಾಸಚೂಸೆಟ್ಸ್‌ನ ಎಂಐಟಿ 2017ರಲ್ಲಿ 111 ಪದವೀಧರರಿಗೆ ಬ್ಲಾಕ್‌ಸರ್ಟ್ಸ್ ಮಾದರಿಯ ಡಿಜಿಟಲ್ ಪದವಿಪತ್ರ ಕೊಟ್ಟಾಗಿನಿಂದ ಈ ಪ್ರಶ್ನೆ ಚರ್ಚೆಯಲ್ಲಿದೆ: ಸಹಿಯನ್ನು ತಾಳೆ ನೋಡಲು ಬಳಸುವ ಈ ಸಾರ್ವಜನಿಕ ಕೀ ನಿಜವಾಗಿ ಆ ಸಂಸ್ಥೆಯದೇ ಎಂದು ನೋಡುವವರಿಗೆ ಹೇಗೆ ಗೊತ್ತಾಗಬೇಕು? ಉತ್ತರ ಸರಪಳಿಯ ಹೊರಗೇ ಇದೆ. ಸಂಸ್ಥೆ ತನ್ನ ಕೀಯನ್ನು ತನ್ನದೇ ವೆಬ್ ವಿಳಾಸದಲ್ಲಿ ಪ್ರಕಟಿಸಬೇಕು, ಅಥವಾ ಓಪನ್‌ಅಟೆಸ್ಟೇಶನ್ ಮಾಡುವಂತೆ ಡಿಎನ್‌ಎಸ್ (ವೆಬ್ ವಿಳಾಸಗಳ ಪಟ್ಟಿ) ದಾಖಲೆಯಲ್ಲಿ ಬರೆಯಬೇಕು. ಅದಕ್ಕಿಂತ ಮೇಲಿನದು, ಮಾನ್ಯತೆ ಕೊಡುವ ಮೇಲ್ಸಂಸ್ಥೆ ತನ್ನಡಿಯ ಎಲ್ಲ ಸಂಸ್ಥೆಗಳ ಕೀಗಳ ಪಟ್ಟಿಯನ್ನು ಸಹಿ ಹಾಕಿ ಪ್ರಕಟಿಸುವುದು. ವೆಬ್ ವಿಳಾಸವನ್ನೇ ನೆಚ್ಚಿಕೊಂಡರೆ ಅದನ್ನು ನವೀಕರಿಸಲು ಮರೆತ ವರ್ಷ ಬೇರೆಯವರು ಕೊಂಡುಕೊಂಡು ‘ಸಂಸ್ಥೆ’ಯಾಗಿ ಕೂರಬಹುದು.

ಸಹಿ ಹಾಕುವ ಖಾಸಗಿ ಕೀ ಯಾರ ಲ್ಯಾಪ್‌ಟಾಪ್‌ನಲ್ಲೂ ಇರಬಾರದು. ಎಚ್‌ಎಸ್‌ಎಂ ಎಂಬ ಭದ್ರ ಸಾಧನದೊಳಗೆ ಇರಲಿ, ಕಂತು ಹೊರಡಿಸಲು ಮೂವರಲ್ಲಿ ಇಬ್ಬರ ಒಪ್ಪಿಗೆ ಬೇಕು ಎಂಬ ಏರ್ಪಾಡಿರಲಿ. ಅಧಿಕಾರಿ ವರ್ಗವಾದರೆ ಅಥವಾ ನಿವೃತ್ತರಾದರೆ ಅದೇ ದಿನ ಅವರ ಪಾಲನ್ನು ಬದಲಿಸಬೇಕು. ಪ್ರತಿ ಕೀಗೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರಬೇಕು, ಹಳೆಯ ಕೀಗಳ ಪಟ್ಟಿಯನ್ನು ಎಂದೂ ಅಳಿಸಬಾರದು.

ಬ್ಲಾಕ್‌ಚೈನ್ ನಿಜವಾಗಿ ತನ್ನ ಅನ್ನದ ಋಣ ತೀರಿಸುವುದು ಇಲ್ಲಿಯೇ. ಬರೀ ಡಿಜಿಟಲ್ ಸಹಿಯಾದರೆ, ಕೀ ಕಳುವಾದ ದಿನ ಹಿಂದೆ ಕೊಟ್ಟ ಎಲ್ಲ ದಾಖಲೆಗಳೂ ಅನುಮಾನಕ್ಕೆ ಬೀಳುತ್ತವೆ, ಏಕೆಂದರೆ ಕದ್ದವನು ಹಿಂದಿನ ತಾರೀಖು ಹಾಕಿ ಸಹಿ ಮಾಡಬಹುದು. ಸರಪಳಿಯಲ್ಲಿ ಲಂಗರು ಇದ್ದರೆ ಕಳುವಿಗೆ ಮೊದಲಿನವು ಯಾವುವು, ಆಮೇಲಿನವು ಯಾವುವು ಎಂದು ಗೆರೆ ಎಳೆದು ಹೇಳಬಹುದು. ಮೊದಲಿನವು ಉಳಿಯುತ್ತವೆ.

ರದ್ದಾದದ್ದು ಗೊತ್ತಾಗುವುದು ಹೇಗೆ?

ಹ್ಯಾಶ್ ಅಳಿಯುವುದಿಲ್ಲವಾದ್ದರಿಂದ ರದ್ದಾದ ಪರವಾನಗಿಯ ಹ್ಯಾಶ್ ಕೂಡ ಮೊದಲಿನಂತೆಯೇ ತಾಳೆಯಾಗುತ್ತದೆ. ರದ್ದತಿ ಪಟ್ಟಿ ಬೇರೆ ಬೇಕೇಬೇಕು. ಪ್ರತಿ ಸಲ ಕೊಟ್ಟವರ ಸರ್ವರ್‌ಗೆ ಹೋಗಿ ‘ಈ ಸಂಖ್ಯೆ ಚಾಲ್ತಿಯಲ್ಲಿದೆಯೇ’ ಎಂದು ಕೇಳಿದರೆ, ಯಾರು ಎಲ್ಲಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾರೆ ಎಂಬುದೆಲ್ಲ ಕೊಟ್ಟವರಿಗೆ ತಿಳಿಯುತ್ತದೆ. ವೆಬ್ ಮಾನದಂಡ ರೂಪಿಸುವ ಡಬ್ಲ್ಯು3ಸಿಯ ಬಿಟ್‌ಸ್ಟ್ರಿಂಗ್ ಪಟ್ಟಿ ಇದಕ್ಕೆ ಒಳ್ಳೆಯ ಉಪಾಯ: ಪ್ರತಿ ದಾಖಲೆಗೆ ಒಂದು ಬಿಟ್, ಕನಿಷ್ಠ 1,31,072 ಬಿಟ್‌ಗಳ ಒಂದೇ ಪಟ್ಟಿ, ಅಂದರೆ 16 ಕಿಲೋಬೈಟ್. ನೋಡುವವರು ಇಡೀ ಪಟ್ಟಿ ಇಳಿಸಿಕೊಂಡು ತಮ್ಮಲ್ಲೇ ಆ ಒಂದು ಬಿಟ್ ನೋಡುತ್ತಾರೆ, ಯಾರ ದಾಖಲೆ ನೋಡಿದರೆಂದು ಹೊರಗೆ ತಿಳಿಯುವುದಿಲ್ಲ. ದಾಖಲೆಗಳಿಗೆ ಆ ಪಟ್ಟಿಯಲ್ಲಿ ಕ್ರಮಸಂಖ್ಯೆ ಕೊಡಬೇಡಿ, ಚದುರಿಸಿ ಕೊಡಿ. ಇಲ್ಲದಿದ್ದರೆ ಒಂದೇ ತರಗತಿಯವರು ಸಾಲಾಗಿ ಬರುತ್ತಾರೆ. ಹೆಸರಿನ ಕಾಗುಣಿತ ತಿದ್ದಿ ಬದಲಿ ಕೊಟ್ಟದ್ದಕ್ಕೂ ವಂಚನೆಗಾಗಿ ರದ್ದು ಮಾಡಿದ್ದಕ್ಕೂ ಬೇರೆ ಬೇರೆ ಗುರುತು ಇರಬೇಕು. ಎರಡನ್ನೂ ‘ರದ್ದು’ ಎಂದೇ ತೋರಿಸುವುದು ಕಾಗುಣಿತ ತಿದ್ದಿಸಿಕೊಂಡವರಿಗೆ ಮಾಡುವ ಅನ್ಯಾಯ.

ಆಸ್ತಿ ದಾಖಲೆಯ ವಿಷಯ ಇನ್ನೂ ಕಷ್ಟದ್ದು. ಪದವಿ ಒಮ್ಮೆ ಕೊಟ್ಟರೆ ಮುಗಿಯಿತು. ಜಮೀನು ಕೈಯಿಂದ ಕೈಗೆ ಹೋಗುತ್ತಿರುತ್ತದೆ. 2015ರ ಕ್ರಯಪತ್ರ ಅಸಲಿ ಎಂದು ಸಾಬೀತಾದರೂ ಇವತ್ತಿನ ಮಾಲೀಕರು ಅವರೇ ಎಂದು ಅದು ಹೇಳುವುದಿಲ್ಲ. ಇಲ್ಲಿ ಬಿಡಿ ಹ್ಯಾಶ್ ಸಾಲದು, ಪ್ರತಿ ತುಂಡು ಭೂಮಿಗೂ ಹಿಂದಿನ ನಮೂದಿನ ಹ್ಯಾಶ್ ಒಳಗೊಂಡ ನಮೂದುಗಳ ಸರಣಿ ಬೇಕು, ‘ಇದೇ ಕೊನೆಯ ನಮೂದು’ ಎಂದು ಹೇಳುವ ಅಧಿಕೃತ ನೋಂದಣಿ ಕಚೇರಿ ಬೇಕು. ಜಾರ್ಜಿಯ ದೇಶ ಬಿಟ್‌ಫ್ಯೂರಿ ಕಂಪನಿಯ ಜೊತೆ 2016ರಲ್ಲಿ ಭೂ ದಾಖಲೆಗಳ ಹ್ಯಾಶ್‌ಗಳನ್ನು ಬಿಟ್‌ಕಾಯಿನ್‌ಗೆ ಲಂಗರು ಹಾಕಲು ಹೊರಟಾಗ ಅದರ ನೋಂದಣಿ ವ್ಯವಸ್ಥೆ ಆಗಲೇ ಡಿಜಿಟಲ್ ಆಗಿ ಚೊಕ್ಕಟವಾಗಿತ್ತು. ಹೊಂಡುರಾಸ್‌ನಲ್ಲಿ 2015ರಲ್ಲಿ ಘೋಷಣೆಯಾದ ಇಂಥದೇ ಯೋಜನೆ ಅದೇ ವರ್ಷದ ಕೊನೆಗೆ ಸ್ಥಗಿತಗೊಂಡಿತು. ರಿಜಿಸ್ಟರ್‌ನಲ್ಲೇ ತಕರಾರಿದ್ದರೆ ಅದಕ್ಕೆ ಮೊಹರು ಒತ್ತುವುದೆಂದರೆ ತಕರಾರನ್ನು ಶಾಶ್ವತ ಮಾಡುವುದು. ಮೊದಲು ಸರ್ವೆ, ವ್ಯಾಜ್ಯ ಇತ್ಯರ್ಥ, ಆಮೇಲೆ ಹ್ಯಾಶ್.

ಕಾಗದ ಮತ್ತು ಕ್ಯುಆರ್

ಜನ ಕಾಗದವನ್ನೇ ಒಯ್ಯುತ್ತಾರೆ, ಆದ್ದರಿಂದ ಕ್ಯುಆರ್ ಬೇಕಾಗುತ್ತದೆ. ಅತಿ ದೊಡ್ಡ ಕ್ಯುಆರ್‌ನಲ್ಲಿ 2,953 ಬೈಟ್ ಹಿಡಿಸುತ್ತದೆ, ಆದರೆ ಅಷ್ಟು ದಟ್ಟವಾದದ್ದನ್ನು ಮಡಿಸಿದ, ಮಾಸಿದ ಕಾಗದದಿಂದ ಮೊಬೈಲ್ ಓದಲಾರದು. ಕೆಲವು ನೂರು ಬೈಟ್‌ಗಳಲ್ಲಿ ಮುಗಿಸಿದರೆ ಕ್ಷೇಮ. ಮುಖ್ಯ ಅಂಕಣಗಳು ಮತ್ತು 64 ಬೈಟ್‌ನ ಸಹಿ ಅದರಲ್ಲಿ ಬರುತ್ತವೆ. ಎರಡು ವಂಚನೆಗಳನ್ನು ಮೊದಲೇ ಯೋಚಿಸಿಡಬೇಕು. ಒಂದು, ಕ್ಯುಆರ್ ಒಯ್ಯುವ ಕೊಂಡಿಯೇ ಖೊಟ್ಟಿ ಪರಿಶೀಲನಾ ತಾಣದ್ದಾಗಿರುತ್ತದೆ, ಅಲ್ಲಿ ಎಲ್ಲಕ್ಕೂ ಹಸಿರು. ನೋಡುವವರು ತಮ್ಮದೇ ಆ್ಯಪ್‌ನಿಂದ ಸ್ಕ್ಯಾನ್ ಮಾಡಬೇಕು, ಕ್ಯುಆರ್ ಕರೆದ ಕಡೆ ಹೋಗಬಾರದು. ಎರಡು, ಬೇರೆಯವರ ಅಸಲಿ ಕ್ಯುಆರ್ ಅನ್ನು ನಕಲಿ ಕಾಗದಕ್ಕೆ ಅಂಟಿಸಿರುತ್ತಾರೆ. ಹಸಿರು ಗುರುತು ಕಂಡ ಕೂಡಲೆ ಮುಂದಕ್ಕೆ ಹೋಗದೆ, ಪರದೆಯ ಮೇಲಿನ ಹೆಸರು, ಸಂಖ್ಯೆ, ತಾರೀಖುಗಳನ್ನು ಕಾಗದದೊಂದಿಗೆ ಒಂದೊಂದಾಗಿ ಓದಿ ತಾಳೆ ನೋಡಬೇಕು. ಆ್ಯಪ್ ಬರೀ ‘ಸರಿ’ ಎಂದು ತೋರಿಸದೆ ಮಾಹಿತಿಯನ್ನೇ ದೊಡ್ಡದಾಗಿ ತೋರಿಸುವಂತೆ ಮಾಡಿದರೆ ಈ ಅಭ್ಯಾಸ ತಾನಾಗಿ ಬರುತ್ತದೆ.

ಬ್ಲಾಕ್‌ಚೈನ್ ಬೇಕೇ ಬೇಕೆ?

ಯುರೋಪಿನ ಕೋವಿಡ್ ಪ್ರಮಾಣಪತ್ರ 2021ರ ಜುಲೈ 1ರಿಂದ ಜಾರಿಗೆ ಬಂದು ಹಲವು ದೇಶಗಳ ಗಡಿಗಳಲ್ಲಿ ಕೆಲಸ ಮಾಡಿತು. ಅದರಲ್ಲಿ ಬ್ಲಾಕ್‌ಚೈನ್ ಇರಲಿಲ್ಲ. ಕ್ಯುಆರ್‌ನೊಳಗೆ ಸಹಿ, ದೇಶಗಳ ಸಾರ್ವಜನಿಕ ಕೀಗಳ ಪಟ್ಟಿ, ಅಷ್ಟೇ. ಕೊಡುವವರನ್ನು ಎಲ್ಲರೂ ನಂಬುವುದಾದರೆ, ದಾಖಲೆಯ ಆಯುಸ್ಸು ಚಿಕ್ಕದಾದರೆ, ಸಹಿ ಸಾಕು. ಕೊಡುವವರೇ ಒಳಗಿನಿಂದ ಹಿಂದಿನ ತಾರೀಖು ಹಾಕಬಹುದು ಎಂಬ ಭಯವಿದ್ದಾಗ, ಸಂಸ್ಥೆ ಮುಚ್ಚಿದ ಮೇಲೂ ದಾಖಲೆ ನಿಲ್ಲಬೇಕಾದಾಗ, ಲಂಗರಿಗೆ ಅರ್ಥ ಬರುತ್ತದೆ. ಖಾಸಗಿ ಬ್ಲಾಕ್‌ಚೈನ್ ಕಟ್ಟಿ ಅದರ ನೋಡ್‌ಗಳನ್ನೆಲ್ಲ (ಪ್ರತಿ ಇಟ್ಟುಕೊಳ್ಳುವ ಕಂಪ್ಯೂಟರ್‌ಗಳನ್ನೆಲ್ಲ) ಒಂದೇ ಇಲಾಖೆಯ ಒಂದೇ ಕೋಣೆಯಲ್ಲಿಟ್ಟರೆ ಅದು ಮಾಮೂಲಿ ಡೇಟಾಬೇಸ್‌ಗಿಂತ ಒಂದಿಷ್ಟೂ ಹೆಚ್ಚು ನಂಬಿಕೆ ಕೊಡುವುದಿಲ್ಲ, ಅಲ್ಲಿನ ಆಡಳಿತಗಾರರು ಇತಿಹಾಸವನ್ನು ತಿರುಗಿ ಬರೆಯಬಲ್ಲರು. ವಂಚಿಸುವ ಒಂದು ನೋಡ್ ಅನ್ನು ತಾಳಿಕೊಳ್ಳಬೇಕೆಂದರೂ ಕನಿಷ್ಠ 4 ನೋಡ್ ಬೇಕು, ಅವು 4 ಬೇರೆ ಬೇರೆ ಸಂಸ್ಥೆಗಳ ಕೈಯಲ್ಲಿರಬೇಕು. ಆಗದಿದ್ದರೆ ದಿನಕ್ಕೊಮ್ಮೆಯಾದರೂ ಒಟ್ಟು ಬೇರನ್ನು ಹೊರಗಿನ ಬಹಿರಂಗ ಜಾಗವೊಂದಕ್ಕೆ ಕಳಿಸಬೇಕು.

ಹ್ಯಾಶ್‌ಗೂ ಮುಪ್ಪು ಬರುತ್ತದೆ. ಶಾ-1 ವಿಧಾನದಲ್ಲಿ ಒಂದೇ ಹ್ಯಾಶ್ ಇರುವ ಎರಡು ಬೇರೆ ಪಿಡಿಎಫ್‌ಗಳನ್ನು ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್ 2017ರ ಫೆಬ್ರವರಿಯಲ್ಲಿ ತೋರಿಸಿದವು. ಶಾ-256 ಇನ್ನೂ ಗಟ್ಟಿಯಾಗಿದೆ. ಹಳೆಯದು ಮುರಿಯುವ ಮೊದಲೇ ಮೂಲ ದಾಖಲೆ ಮತ್ತು ಹಳೆಯ ಪುರಾವೆ ಎರಡನ್ನೂ ಸೇರಿಸಿ ಹೊಸ ಹ್ಯಾಶ್‌ನಲ್ಲಿ ಮತ್ತೆ ಲಂಗರು ಹಾಕಬೇಕು. ಮುರಿದ ಮೇಲೆ ಹಾಕಿದರೆ ಬೆಲೆಯಿಲ್ಲ. ಪುರಾವೆ ಪೊಟ್ಟಣದಲ್ಲಿ ಹ್ಯಾಶ್ ವಿಧಾನದ ಹೆಸರನ್ನು ಬರೆದಿಟ್ಟಿದ್ದರೆ ಮಾತ್ರ ಯಾವುದನ್ನು ನವೀಕರಿಸಬೇಕೆಂದು ಹುಡುಕಲಾಗುತ್ತದೆ.

ಕೊನೆಯದಾಗಿ ನೋಡುವವರ ಪರದೆ. ಒಂದೇ ಹಸಿರು, ಒಂದೇ ಕೆಂಪು ಬೇಡ. ಮೂರು ಸಾಲು ಬೇಕು: ಮಾಹಿತಿ ಬದಲಾಗಿಲ್ಲ, ಕೊಟ್ಟವರು ಇಂಥವರು, ಈಗ ಊರ್ಜಿತದಲ್ಲಿದೆ. ಯಾವುದು ತಪ್ಪಿತೋ ಆ ಸಾಲಿನಲ್ಲಿ ಏಕೆ ಎಂದು ಬರಬೇಕು. ನೆಟ್ ಸಿಗದೆ ರದ್ದತಿ ಪಟ್ಟಿ ಇಳಿಯದಿದ್ದರೆ ‘ಈಗ ಪರಿಶೀಲಿಸಲಾಗಲಿಲ್ಲ’ ಎನ್ನಬೇಕು, ಹ್ಯಾಶ್ ಹೊಂದದಿದ್ದರೆ ‘ಈ ಪ್ರತಿ ಮೂಲದೊಂದಿಗೆ ತಾಳೆಯಾಗುತ್ತಿಲ್ಲ, ಮೂಲ ಫೈಲ್ ಕೇಳಿ’ ಎನ್ನಬೇಕು. ‘ನಕಲಿ’ ಎಂಬ ಪದವನ್ನು ಯಂತ್ರ ಎಂದೂ ಬಳಸಕೂಡದು. ಸೇವ್ ಒತ್ತಿದ್ದಕ್ಕೋ, ಹೆಸರಿನ ಕೊನೆಯ ಕಾಣದ ಸಂಕೇತಕ್ಕೋ ಹ್ಯಾಶ್ ತಪ್ಪಿರುವ ಮನುಷ್ಯ ಎದುರಿಗೆ ಕೂತಿರುತ್ತಾರೆ, ಅವರ ಕೆಲಸ ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಅದರ ಕೆಳಗೆ ಕೊಟ್ಟ ಕಚೇರಿಯ ದೂರವಾಣಿ ಸಂಖ್ಯೆ ಇರಲಿ, ಆ ಕಡೆ ಮೂಲ ರಿಜಿಸ್ಟರ್ ತೆರೆದು ನೋಡಿ ಉತ್ತರ ಹೇಳುವ ಒಬ್ಬರು ಇರಲಿ.